ಮಗುವಿಗೆ ಎಷ್ಟು ತಿಂಗಳು? ಮದ್ದು ಎಷ್ಟು ಅಳತೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಮಕ್ಕಳ ಆರೈಕೆ

ಮಳೆ ಹಿಡಿಯಿತೆಂದರೆ ನೆಗಡಿ, ಭೇದಿ, ಒಣಗದ ಬಟ್ಟೆಗಳ ಪತ್ರಗಳೇ ಹೆಚ್ಚು. ಈ ಸಂಚಿಕೆಗೆ ಆರಿಸಿಕೊಂಡವೂ ಬಹುಪಾಲು ಅಂಥವೇ. ಹಲವರು ಮಗುವಿನ ವಯಸ್ಸನ್ನೇ ಬರೆದಿಲ್ಲ. ದಯವಿಟ್ಟು ಬರೆಯಿರಿ, ತಿಂಗಳ ಲೆಕ್ಕದಲ್ಲಿ ಬರೆಯಿರಿ. ನಾಲ್ಕು ವರ್ಷದ ಮಗುವಿನ ಕೆಮ್ಮಿಗೆ ಒಗ್ಗುವ ಜೇನುತುಪ್ಪ ನಾಲ್ಕು ತಿಂಗಳ ಕೂಸಿನ ಜೀವಕ್ಕೇ ಕುತ್ತಾಗಬಹುದು. ಒಂದು ಮನೆಮದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದರೆ ಮಗುವಿನ ವಯಸ್ಸೆಷ್ಟು, ಮದ್ದಿನ ಅಳತೆ ಎಷ್ಟು, ಅದು ಮೈಗೆ ಹಚ್ಚುವುದೋ ಹೊಟ್ಟೆಗೆ ಹೋಗುವುದೋ, ಈ ಮೂರೂ ಗೊತ್ತಿರಬೇಕು.

ಪ್ರಶ್ನೆ: ಮಗುವಿಗೆ ನಲವತ್ತು ದಿನ. ಎಣ್ಣೆನೀರು ಆದ ಮೇಲೆ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಬಾದಾಮಿ ಎಲ್ಲವನ್ನೂ ಸಾಣೆಕಲ್ಲಿನ ಮೇಲೆ ತೇದು ಎದೆಹಾಲಿನಲ್ಲಿ ಕಲಸಿ ನೆಕ್ಕಿಸಬೇಕು ಎನ್ನುತ್ತಾರೆ ನಮ್ಮ ಅತ್ತೆ. ಹೊಟ್ಟೆ ಉಬ್ಬರಕ್ಕೂ ನಿದ್ದೆಗೂ ಒಳ್ಳೆಯದಂತೆ. ಡಾಕ್ಟರು ಬೇಡ ಅಂದರು. ಯಾರ ಮಾತು ಕೇಳಲಿ?
(ಹೊಸ ಬಾಣಂತಿ, ತುಮಕೂರು)

ಉತ್ತರ: ಈ ವಿಷಯದಲ್ಲಿ ಡಾಕ್ಟರ ಮಾತು ಕೇಳಿ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಡಾಕ್ಟರು ಬರೆದುಕೊಟ್ಟ ಹನಿಗಳಿದ್ದರೆ ಅವಷ್ಟೇ ಸಾಕು. ಆದರೆ ಅತ್ತೆಯವರಿಗೆ ಬರೀ 'ಬೇಡ' ಎಂದರೆ ಮನಸ್ಸಿಗೆ ಹತ್ತುವುದಿಲ್ಲ. ಯಾಕೆ ಬೇಡ ಎಂಬುದನ್ನು ಹೇಳಬೇಕು.

ಬಜೆಯ ಬೇರಿನಲ್ಲಿ ಬೀಟಾ-ಅಸರೋನ್ ಎಂಬ ಅಂಶ ಇದೆ. ಅದು ಹೆಚ್ಚಾದರೆ ವಾಂತಿ ನಿಲ್ಲುವುದಿಲ್ಲ, ಮಂಪರು ಹಿಡಿಯುತ್ತದೆ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಕೂಡ ಮಿದುಳಿನ ಮೇಲೆ ಕೆಲಸ ಮಾಡುವ ವಸ್ತು. ಜಾಯಿಕಾಯಿ ನೆಕ್ಕಿಸಿದ ದಿನ ಮಗು ಎದ್ದೇ ಇಲ್ಲ ಎಂದು ಸಂತೋಷಪಡುತ್ತೇವಲ್ಲ, ಅದು ಹೊಟ್ಟೆ ಹಗುರಾಗಿ ಬಂದ ನಿದ್ದೆಯಲ್ಲ, ಮದ್ದಿನ ಅಮಲಿನ ನಿದ್ದೆ. ನಲವತ್ತು ದಿನದ ಕೂಸು ಎರಡು ಮೂರು ಗಂಟೆಗೊಮ್ಮೆ ಎದ್ದು ಹಾಲು ಕುಡಿಯಬೇಕು. ಅಮಲಿನಲ್ಲಿ ಮಲಗಿದರೆ ಹಾಲು ತಪ್ಪುತ್ತದೆ, ತೂಕ ಏರುವುದಿಲ್ಲ.

ಇನ್ನು ಅಳತೆ. ಹಿಂದಿನವರು 'ಬಜೆ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು' ಎಂದು ಸುತ್ತಿನ ಲೆಕ್ಕ ಇಟ್ಟಿದ್ದರು. ಅಂದರೆ ಅಳತೆ ಬೇಕು ಎಂಬುದು ಅವರಿಗೂ ಗೊತ್ತಿತ್ತು. ಆದರೆ ಅದೇ ಒಂದು ಸುತ್ತಿನಲ್ಲಿ ಕೈ ಒತ್ತಿದರೆ ಹೆಚ್ಚು ಇಳಿಯುತ್ತದೆ, ತೇಲಿಸಿದರೆ ಕಡಿಮೆ. ಹೊಸ ಸಾಣೆಕಲ್ಲು ತರಿತರಿ ಇರುತ್ತದೆ, ಹಳೆಯದು ನುಣುಪು. ನಾಲ್ಕು ಕೆ.ಜಿ. ಕೂಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇದರ ಜೊತೆಗೆ, ಒದ್ದೆಯಾದ ಕೊಂಬುಗಳನ್ನು ಹಾಗೆಯೇ ಡಬ್ಬಿಗೆ ಹಾಕಿಡುವುದರಿಂದ ಮಳೆಗಾಲದಲ್ಲಿ ಅವುಗಳ ಸಂದಿಯಲ್ಲಿ ಬೂಷ್ಟು ಹಿಡಿದಿರುತ್ತದೆ. ಮರುದಿನ ಅದನ್ನೂ ಸೇರಿಸಿಯೇ ತೇಯುವುದು.

ಹೊಟ್ಟೆ ಉಬ್ಬರಕ್ಕೆ ಅತ್ತೆಯವರ ಕೈಗೆ ಬೇರೆ ಕೆಲಸ ಕೊಡಿ. ಕಡಲೆಕಾಳಿನ ಗಾತ್ರದ ಇಂಗನ್ನು ಒಂದು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಹೊಕ್ಕುಳ ಸುತ್ತ ಹಚ್ಚಬಹುದು. ಹೊಕ್ಕುಳಬಳ್ಳಿ ಬಿದ್ದು ಜಾಗ ಪೂರ್ತಿ ಒಣಗಿರಬೇಕು, ಹೊಕ್ಕುಳ ಒಳಗೆ ಹೋಗಬಾರದು. ಚರ್ಮ ಕೆಂಪಾದರೆ ತೊಳೆದುಬಿಡಿ. ನಿಜವಾದ ಉಪಕಾರ ಇಂಗಿಗಿಂತ ಕೈಯದು. ಹಾಲು ಕುಡಿದು ಅರ್ಧ ಗಂಟೆ ಬಿಟ್ಟು, ಮಗುವಿನ ಎದುರು ಕೂತು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಅಂಗೈಯಿಂದ ಮೆಲ್ಲಗೆ ನೀವಬೇಕು. ದೊಡ್ಡ ಕರುಳು ಮಗುವಿನ ಬಲಗಡೆ ಮೇಲೇರಿ, ಅಡ್ಡ ಹೋಗಿ, ಎಡಗಡೆ ಇಳಿಯುತ್ತದೆ. ವಾಯು ಹೋಗುವ ದಾರಿಯೂ ಅದೇ. ಐದು ನಿಮಿಷ ನೀವಿ, ಮೊಣಕಾಲು ಮಡಿಸಿ ಹೊಟ್ಟೆಗೆ ಒತ್ತಿ ಬಿಡಿ, ಆಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಕಾಯಿಸಿದ ವೀಳ್ಯದೆಲೆ ಹೊಟ್ಟೆಯ ಮೇಲೆ ಹಾಕುವವರು ಮೊದಲು ತಮ್ಮ ಕೆನ್ನೆಗೆ ಒತ್ತಿ ನೋಡಬೇಕು. ಕೈಗೆ ಬೆಚ್ಚಗೆ ಕಂಡದ್ದು ಕೂಸಿನ ಚರ್ಮವನ್ನು ಸುಡುತ್ತದೆ.

ಸಂಜೆಯಾದರೆ ಅಳುವ ಕೂಸುಗಳ ಅಳು ಆರನೇ ವಾರದ ಹೊತ್ತಿಗೆ ಅತಿ ಹೆಚ್ಚಿರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ನಿಮ್ಮ ಮಗು ಈಗ ಸರಿಯಾಗಿ ಆ ಏರಿನಲ್ಲಿದೆ. ಈಗಾಗಲೇ ತೇದ ಮದ್ದು ನೆಕ್ಕಿಸಿದ್ದು, ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ ಅಥವಾ ಎಬ್ಬಿಸಿದರೂ ಹಾಲು ಹಿಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತೇದ ಕೊಂಬುಗಳನ್ನೂ ಕೈಯಲ್ಲಿ ಒಯ್ಯಿರಿ.

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು ಆರು ತುಂಬುತ್ತದೆ. ಇಲ್ಲಿ ಹಿರಿಯರು ಯಾರೂ ಇಲ್ಲ. ಊರಿನಿಂದ ಎರಡು ಕೆ.ಜಿ. ರಾಗಿ ತಂದಿದ್ದೇವೆ. ರಾಗಿ ಸರಿ ಹಿಟ್ಟು ಮಾಡುವುದನ್ನು ಮೊದಲಿನಿಂದ ಹೇಳಿಕೊಡಿ. ಫೋನಿನಲ್ಲಿ ಅಮ್ಮ 'ಅಂದಾಜಿಗೆ' ಎನ್ನುತ್ತಾರೆ, ನಮಗೆ ಅಂದಾಜು ಸಿಗುತ್ತಿಲ್ಲ.
(ಕನ್ನಡಿಗ ದಂಪತಿ, ದುಬೈ)

ಉತ್ತರ: ಮೊದಲ ಸಲ ಅರ್ಧ ಕೆ.ಜಿ. ಮಾತ್ರ ಮಾಡಿ. ಕೈ ಕೂತ ಮೇಲೆ ಉಳಿದದ್ದು.

ಅಗಲ ಪಾತ್ರೆಯಲ್ಲಿ ರಾಗಿ ಹಾಕಿ ನೀರು ತುಂಬಿ ಅಲ್ಲಾಡಿಸಿ. ಜೊಳ್ಳು ತೇಲುತ್ತದೆ, ಕಲ್ಲು ತಳ ಹಿಡಿಯುತ್ತದೆ. ಜೊಳ್ಳು ಚೆಲ್ಲಿ, ರಾಗಿಯನ್ನು ಕೈಯಿಂದ ಮೇಲುಮೇಲೇ ಎತ್ತಿ ಬೇರೆ ಪಾತ್ರೆಗೆ ಹಾಕಿ. ತಳದ ಕೊನೆಯ ಹಿಡಿ ರಾಗಿಯ ಆಸೆ ಬಿಡಿ, ಸಣ್ಣ ಕಲ್ಲು ಇರುವುದು ಅಲ್ಲೇ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಹತ್ತು ಹನ್ನೆರಡು ಗಂಟೆ ನೆನೆಹಾಕಿ. ನಡುವೆ ಒಮ್ಮೆ ನೀರು ಬದಲಿಸಿ.

ಪೂರ್ತಿ ಬಸಿದು ತೆಳುವಾದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಗಂಟು ಸಡಿಲ ಇರಲಿ, ಬಿಗಿಯಾದರೆ ನಡುವಿನ ಕಾಳಿಗೆ ಗಾಳಿಯಾಡದೆ ಬಿಸಿಯೇರಿ ಹುಳಿ ವಾಸನೆ ಬರುತ್ತದೆ. ದಿನಕ್ಕೆರಡು ಸಲ ನೀರು ಚಿಮುಕಿಸಿ. ನಮ್ಮ ಊರಿನ ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ. ನಿಮ್ಮ ಏಸಿ ಮನೆಯಲ್ಲಿ ಒಂದೂವರೆ ದಿನ ಹಿಡಿಯಬಹುದು, ಏಸಿ ಇಲ್ಲದ ಕೋಣೆಯಲ್ಲಿಡಿ. ಬಿಳಿ ದಾರದಂಥ ಮೊಳಕೆ ಕಾಳಿನಷ್ಟೇ ಉದ್ದ ಬಂದರೆ ಸಾಕು. ಅದಕ್ಕಿಂತ ಬೆಳೆದರೆ ಕಹಿಯಾಗುತ್ತದೆ. ಕೈಗೆ ಜಾರುವಂತೆ ಲೋಳೆಯಾಗಿದ್ದರೆ ಅಥವಾ ಬೂಷ್ಟು ಕಂಡರೆ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಪೂರ್ತಿ ಎಸೆಯಿರಿ.

ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಒಂದು ದಿನ, ಬಿಸಿಲಿನಲ್ಲಿ ಒಂದು ದಿನ ಒಣಗಿಸಿ. ಒಂದು ಕಾಳು ಹಲ್ಲಿಗಿಟ್ಟರೆ ಕಟಕ್ಕೆಂದು ಮುರಿಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಪಸೆ ಇದೆ. ಪಸೆ ಇದ್ದಂತೆಯೇ ಬೀಸಿದ ಹಿಟ್ಟು ಹದಿನೈದು ದಿನದೊಳಗೆ ಮುಗ್ಗುತ್ತದೆ. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೊಳಕೆಯ ಬಾಲ ಉದುರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ, ಘಮ ಬರುವಷ್ಟೇ ಹುರಿಯಿರಿ. ಹೆಚ್ಚು ಹುರಿದರೆ ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಕಿಣ್ವ ಸತ್ತುಹೋಗುತ್ತದೆ. ಇಷ್ಟು ದಿನ ಪಟ್ಟ ಪಾಡೆಲ್ಲ ಆ ಕಿಣ್ವಕ್ಕಾಗಿಯೇ. ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ವಸ್ತ್ರಗಾಳಿತ ಹಿಡಿಯಿರಿ. ಡಬ್ಬದ ಬಾಯಿಗೆ ಮಲ್ಮಲ್ ಬಟ್ಟೆ ಸಡಿಲವಾಗಿ ಕಟ್ಟಿ, ಮೇಲೆ ಹಿಟ್ಟು ಹಾಕಿ ಚಮಚದಿಂದ ಆಡಿಸಿದರೆ ನುಣುಪು ಹಿಟ್ಟು ಕೆಳಗಿಳಿಯುತ್ತದೆ. ಉಳಿದ ಹೊಟ್ಟನ್ನು ನಿಮ್ಮ ರೊಟ್ಟಿ ಹಿಟ್ಟಿಗೆ ಬೆರೆಸಿಕೊಳ್ಳಿ. ರಾಗಿಯ ಸುಣ್ಣದ ಅಂಶ, ಅಂದರೆ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚಿರುವ ಕ್ಯಾಲ್ಸಿಯಂ, ಸಿಪ್ಪೆಯಲ್ಲೂ ಸಾಕಷ್ಟಿದೆ. ಆದ್ದರಿಂದ ಮಗುವಿಗೆ ಒಂಬತ್ತು ಹತ್ತು ತಿಂಗಳಾದ ಮೇಲೆ ಬಟ್ಟೆ ಬಿಟ್ಟು ಸಣ್ಣ ಜರಡಿ ಹಿಡಿದರೆ ಸಾಕು.

ಬೇಯಿಸುವುದು ಹೀಗೆ: ಒಂದು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಆಮೇಲೆ ಒಲೆಯ ಮೇಲಿಡಿ. ಬಿಸಿನೀರಿಗೆ ಹಿಟ್ಟು ಹಾಕಿದರೆ ಗಂಟು ಖಂಡಿತ. ಸಣ್ಣ ಉರಿಯಲ್ಲಿ ಕೈಬಿಡದೆ ಏಳೆಂಟು ನಿಮಿಷ ತಿರುವಿ. ಬೂದುಗೆಂಪು ಹೋಗಿ ಕಡುಗಂದು ಬಂದು ಮೇಲೆ ಹೊಳಪು ಕಂಡರೆ ಬೆಂದಂತೆ. ಅರ್ಧ ಚಮಚ ತುಪ್ಪ ಹಾಕಿ. ಅಂಗಡಿಯ ರಾಗಿ ಹಿಟ್ಟಿನ ಗಂಜಿಗಿಂತ ಇದು ತೆಳುವಾಗಿರುತ್ತದೆ, ಗಾಬರಿ ಬೇಡ. ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹಾಗೆ. ಅದೇ ಈ ಹಿಟ್ಟಿನ ದೊಡ್ಡ ಗುಣ: ಮಗುವಿನ ಗಂಟಲಿಗೆ ಇಳಿಯುವಷ್ಟು ಮೆತ್ತಗೆ ಇಟ್ಟುಕೊಂಡೇ ಹಿಟ್ಟನ್ನು ಹೆಚ್ಚು ಹಾಕಬಹುದು. ಚಿಕ್ಕ ಹೊಟ್ಟೆಗೆ ನೀರಿನ ಬದಲು ಆಹಾರ ಹೋಗುತ್ತದೆ. ಹದ ನೋಡಲು ಚಮಚ ಓರೆ ಮಾಡಿ. ನೀರಿನಂತೆ ಸುರಿಯಬಾರದು, ಮೆಲ್ಲಗೆ ಜಾರಿ ಬೀಳಬೇಕು.

ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ನಿಧಾನಕ್ಕೆ ಏರಿಸಿ ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಊಟ, ಒಂದೊಂದಕ್ಕೆ ಅರ್ಧ ಲೋಟದಷ್ಟು. ಎದೆಹಾಲು ಮುಂದುವರಿಯಲಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ನಮ್ಮ ನಾಲಿಗೆಗೆ ಸಪ್ಪೆಯಾದದ್ದು ಮಗುವಿಗೆ ಸಪ್ಪೆಯಲ್ಲ. ಬಾಟಲಿಯ ನಿಪ್ಪಲ್ ತೂತು ದೊಡ್ಡದು ಮಾಡಿ ಗಂಜಿ ಕುಡಿಸಬೇಡಿ, ಬಟ್ಟಲು ಚಮಚದಲ್ಲೇ ತಿನ್ನಿಸಿ. ಬಾದಾಮಿ, ಗೋಡಂಬಿ, ಹೆಸರು, ಗೋಧಿ, ಏಲಕ್ಕಿ ಎಲ್ಲವನ್ನೂ ಮೊದಲ ಹಿಟ್ಟಿಗೇ ಸೇರಿಸಿ ಬೀಸುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ಹುಡುಕಲಾಗುವುದಿಲ್ಲ. ಒಂದೊಂದನ್ನೇ ಮೂರು ದಿನ ಕೊಟ್ಟು ನೋಡಿ ಸೇರಿಸಿಕೊಳ್ಳಿ. ಮತ್ತು ಮೂರು ಹೊತ್ತೂ ರಾಗಿ ಸರಿಯೊಂದೇ ಆಗಬಾರದು. ಕಬ್ಬಿಣಾಂಶಕ್ಕೆ ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮಾಂಸ ಬೇಕು.

ಇಷ್ಟಕ್ಕೆಲ್ಲ ಪುರುಸೊತ್ತು ಇಲ್ಲದ ವಾರ ದಕ್ಷಿಣ ಕನ್ನಡದವರ ರಾಗಿ ಮಣ್ಣಿ ಮಾಡಿ: ಮೂರು ಚಮಚ ರಾಗಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು ಅದನ್ನೇ ಕಾಯಿಸುವುದು. ಹಿಟ್ಟು ಕೂಡಿಡುವ ಚಿಂತೆಯೇ ಇಲ್ಲ.

ಪ್ರಶ್ನೆ: ಮನೆಯಲ್ಲಿ ಎಂಟು ತಿಂಗಳ ಮಗು ಮತ್ತು ನಾಲ್ಕು ವರ್ಷದವನು, ಇಬ್ಬರಿಗೂ ನೆಗಡಿ ಕೆಮ್ಮು. ಚಿಕ್ಕದಕ್ಕೆ ಮೂಗು ಕಟ್ಟಿ ಹಾಲು ಕುಡಿಯಲಾಗುತ್ತಿಲ್ಲ. ದೊಡ್ಡಪತ್ರೆ ರಸ, ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಇಬ್ಬರಿಗೂ ಆಗುತ್ತದೆಯೇ?
(ಓದುಗರು, ಶಿರಸಿ)

ಉತ್ತರ: ಚಿಕ್ಕದಕ್ಕೆ ಈ ಎರಡೂ ಬೇಡ. ಅದಕ್ಕೆ ಬೇಕಾದದ್ದು ಉಪ್ಪುನೀರಿನ ಹನಿ. ಹಸುಗೂಸುಗಳು ಮೂಗಿನಲ್ಲೇ ಉಸಿರಾಡುವುದು ಹೆಚ್ಚು, ಅದಕ್ಕೇ ಮೂಗು ಕಟ್ಟಿದರೆ ಎರಡು ಗುಟುಕು ಕುಡಿದು ಬಿಟ್ಟು ಅಳುತ್ತವೆ. ಅಂಗಡಿಯಲ್ಲಿ ಸಿಗುವ ಸಲೈನ್ ಹನಿ ತರುವುದು ಸುಲಭ. ಮನೆಯಲ್ಲೇ ಆದರೆ ಒಂದು ದೊಡ್ಡ ಲೋಟ, ಅಂದರೆ 240 ಮಿ.ಲೀ. ನೀರನ್ನು ಐದು ನಿಮಿಷ ಕುದಿಸಿ ಆರಿಸಿ, ಅರ್ಧ ಟೀ ಚಮಚ ಉಪ್ಪು, ತಲೆ ಸವರಿದ ಅಳತೆ, ಕರಗಿಸಿ. ಹಾಲು ಕೊಡುವ ಹತ್ತು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಬಿಟ್ಟು, ಸಡಿಲವಾದ ಸಿಂಬಳವನ್ನು ಮೆತ್ತನೆ ಬಟ್ಟೆಯ ತುದಿಯಿಂದ ತೆಗೆಯಿರಿ. ದಿನಾ ಹೊಸದು ಮಾಡಬೇಕು. ಮೂಗಿಗೆ ಎಣ್ಣೆ ಬಿಡುವುದು ಅಪಾಯ. ಎಣ್ಣೆ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಬೇಗ ವಾಸಿಯಾಗುವಂಥದ್ದಲ್ಲ.

ದೊಡ್ಡವನಿಗೆ ದೊಡ್ಡಪತ್ರೆ ಕೊಡಬಹುದು. ಎರಡು ಮೂರು ಎಲೆ ತೊಳೆದು ಕಾವಲಿಯ ಮೇಲೆ ಬಾಡುವಷ್ಟು ಬಿಸಿ ಮಾಡಿ ಹಿಂಡಿದರೆ ಒಂದು ಚಮಚ ರಸ ಬರುತ್ತದೆ. ಅರ್ಧ ಟೀ ಚಮಚ ಜೇನುತುಪ್ಪ ಸೇರಿಸಿ ರಾತ್ರಿ ಮಲಗುವ ಮೊದಲು ಕೊಡಿ. ಅಧ್ಯಯನಗಳಲ್ಲಿ ಕೆಮ್ಮು ತಗ್ಗಿಸಿದ್ದು ಕಂಡಿರುವುದು ಜೇನು. ಎಲೆಯ ರಸ ಗಂಟಲಿಗೆ ಹಿತ. ಚಿಕ್ಕದಕ್ಕೆ ಜೇನು ತೋರಿಸಲೂಬೇಡಿ. ಕ್ಲಾಸ್ಟ್ರಿಡಿಯಂ ಎಂಬ ಜೀವಾಣುವಿನ ಬೀಜಕಗಳು ಜೇನಿನಲ್ಲಿ ಇರಬಹುದು. ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಮೈ ಸೋತು ಉಸಿರಾಟಕ್ಕೇ ತೊಂದರೆಯಾಗುತ್ತದೆ. ಕಾಯಿಸಿದರೂ ಬೀಜಕ ಸಾಯುವುದಿಲ್ಲ. ಮನೆಯದೇ ಜೇನುಪೆಟ್ಟಿಗೆಯ ತುಪ್ಪವಾದರೂ ಇದೇ ಮಾತು.

ಕರ್ಪೂರದ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಸೇರಿದ ಎಣ್ಣೆ, ಮುಲಾಮು ಯಾವುದೂ ಬೇಡ. ಚರ್ಮದಿಂದಲೂ ಉಸಿರಿನಿಂದಲೂ ಅದು ಒಳಗೆ ಹೋಗುತ್ತದೆ. ಬಾಯಿಗೆ ಹೋದರಂತೂ ನಿಮಿಷಗಳಲ್ಲೇ ಫಿಟ್ಸ್ ಬರಬಹುದು. ಹರಿದಾಡುವ ಮಗುವಿಗೆ ದೇವರ ಮುಂದಿನ ಕರ್ಪೂರ ಕಲ್ಲುಸಕ್ಕರೆಯಂತೆ ಕಾಣುತ್ತದೆ, ಡಬ್ಬಿಯನ್ನು ಇಂದೇ ಎತ್ತರಕ್ಕೆ ಸೇರಿಸಿ. ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ನೇರ ಆಸ್ಪತ್ರೆಗೆ ಓಡಿ.

ಮೆಡಿಕಲ್ ಅಂಗಡಿಯ ಸಿರಪ್ಪೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ನೆಗಡಿ ಕೆಮ್ಮಿನ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿತು.

ಡಾಕ್ಟರ ಬಳಿ ಯಾವಾಗ ಹೋಗಬೇಕು ಎಂಬುದನ್ನು ಉಸಿರು ಎಣಿಸಿ ತಿಳಿಯಬಹುದು. ಮಗು ಶಾಂತವಾಗಿದ್ದಾಗ ಅಥವಾ ಮಲಗಿದ್ದಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಲೆಕ್ಕ ತಪ್ಪುತ್ತದೆ. ಎಂಟು ತಿಂಗಳದ್ದಕ್ಕೆ 50 ಅಥವಾ ಹೆಚ್ಚು, ನಾಲ್ಕು ವರ್ಷದವನಿಗೆ 40 ಅಥವಾ ಹೆಚ್ಚು ಬಂದರೆ ಅದೇ ದಿನ ತೋರಿಸಿ. ಎರಡು ತಿಂಗಳೊಳಗಿನ ಕೂಸಿಗೆ ಈ ಗಡಿ 60. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ.

ಪ್ರಶ್ನೆ: ಹದಿನಾಲ್ಕು ತಿಂಗಳ ಮಗನಿಗೆ ಎರಡು ದಿನದಿಂದ ನೀರಿನಂಥ ಭೇದಿ. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಊಟ ನಿಲ್ಲಿಸಿದ್ದಾರೆ. ಜಾಯಿಕಾಯಿ ತೇದು ಕುಡಿಸುತ್ತಿದ್ದಾರೆ. ಓಆರ್‌ಎಸ್ ಕೊಟ್ಟರೂ ಭೇದಿ ನಿಲ್ಲುತ್ತಿಲ್ಲ.
(ತಾಯಿ, ರಾಯಚೂರು)

ಉತ್ತರ: ಓಆರ್‌ಎಸ್ ಭೇದಿಯನ್ನು ನಿಲ್ಲಿಸುವ ಮದ್ದಲ್ಲ. ಹೋದ ನೀರು, ಉಪ್ಪನ್ನು ತುಂಬಿಕೊಡುವ ನೀರು ಅದು. ಭೇದಿ ನಾಲ್ಕೈದು ದಿನ ಇರಬಹುದು, ಆ ದಿನಗಳಲ್ಲಿ ಮಗು ಒಣಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರ ತಂಡ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟಿತು. ಮನೆಯವರೇ ಅದನ್ನು ಲೋಟದಲ್ಲಿ ಹಿಡಿದು ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ನಿಮ್ಮ ಕೈಯಲ್ಲಿರುವ ಪ್ಯಾಕೆಟ್ಟಿನ ಬೆಲೆ ಅಂಥದ್ದು.

ಅದರಲ್ಲಿ ತಪ್ಪಾಗುವುದು ಬೆರೆಸುವಾಗ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪ್ಯಾಕೆಟ್ ಒಮ್ಮೆಗೇ ಸುರಿಯಿರಿ. ಒಂದು ಲೋಟಕ್ಕೆ ಒಂದು ಚಿಟಿಕೆ ಎಂದು ಹಾಕಿದರೆ, ಪುಡಿಯಲ್ಲಿ ಉಪ್ಪು ಒಂದು ಕಡೆ ಗ್ಲೂಕೋಸ್ ಒಂದು ಕಡೆ ಇರುವುದರಿಂದ ಪ್ರಮಾಣ ಕೆಡುತ್ತದೆ. ಗಟ್ಟಿಯಾದ ಓಆರ್‌ಎಸ್ ರಕ್ತದಲ್ಲಿ ಉಪ್ಪು ಏರಿಸಿ ಅಪಾಯ ತರುತ್ತದೆ. ಅಷ್ಟು ಬೇಡ ಎನಿಸಿದರೆ ಒಂದು ಲೋಟದ, 200 ಮಿ.ಲೀ.ಯ ಸಣ್ಣ ಪ್ಯಾಕೆಟ್ ಕೇಳಿ ತನ್ನಿ. ಬೆರೆಸಿದ್ದು 24 ಗಂಟೆ ಮಾತ್ರ. ಅಂಗಡಿಯ ಹಣ್ಣಿನ ರುಚಿಯ ಸಿಹಿ ಪೇಯಗಳು ಓಆರ್‌ಎಸ್ ಅಲ್ಲ, ಸಕ್ಕರೆ ಹೆಚ್ಚಾಗಿ ಭೇದಿಯನ್ನೇ ಹೆಚ್ಚಿಸುತ್ತವೆ. ರಾತ್ರಿ ಹೊತ್ತು ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಾಕುವಿನ ಬೆನ್ನಿನಿಂದ ಸವರಿ ಅಳೆಯಿರಿ. ಕುಡಿದು ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು.

ಒಂದೊಂದು ಭೇದಿಗೂ 50ರಿಂದ 100 ಮಿ.ಲೀ. ಕೊಡಿ, ಚಮಚದಲ್ಲಿ, ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನಕ್ಕೆ. ಜೊತೆಗೆ ಸತು, ಅಂದರೆ ಜಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ 14 ದಿನ ಮುಗಿಸಬೇಕು. ಇವೆರಡೂ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಊಟ ಇಂದೇ ಶುರುಮಾಡಿ. ಕರುಳಿನ ಒಳಪದರ ಮತ್ತೆ ಬೆಳೆಯಲು ಆಹಾರವೇ ಬೇಕು, ಉಪವಾಸದಿಂದ ಭೇದಿ ಇನ್ನೂ ಎಳೆಯುತ್ತದೆ. ಮೊಸರನ್ನ, ಹೆಸರುಬೇಳೆ ಕಿಚಡಿ, ಗಂಜಿ, ಬಾಳೆಹಣ್ಣು, ಸ್ವಲ್ಪ ಸ್ವಲ್ಪ ಐದಾರು ಸಲ. ತುಪ್ಪಕ್ಕೂ ಅಡ್ಡಿಯಿಲ್ಲ. ಎದೆಹಾಲು ಕುಡಿಯುತ್ತಿದ್ದರೆ ಬಿಡಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ.

ಜಾಯಿಕಾಯಿ ನಿಲ್ಲಿಸಿ. ಮಗು ಮಂಕಾಗುವುದು, ಎಬ್ಬಿಸಿದರೂ ಕುಡಿಯದಿರುವುದು ಮೈಯ ನೀರು ತೀರಾ ಬತ್ತಿದ ಗುರುತು. ಜಾಯಿಕಾಯಿಯ ಮಂಪರಿನಲ್ಲಿ ಆ ಗುರುತು ಮುಚ್ಚಿಹೋಗುತ್ತದೆ. ಹೊಕ್ಕುಳಿಗೂ ಪಕ್ಕೆಗೂ ನಡುವೆ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡಿ, ತಕ್ಷಣ ಕೂರಬೇಕು. ಮಡಿಕೆ ಹಾಗೇ ನಿಂತು ಮೆಲ್ಲಗೆ ಇಳಿದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು. ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಲೇ ಇರಿ.

ಪ್ರಶ್ನೆ: ಹಳೆಯ ಪಂಚೆ ಬಟ್ಟೆಯ ಲಂಗೋಟಿ ಕಟ್ಟುತ್ತೇವೆ. ಈ ಮಳೆಯಲ್ಲಿ ಒಣಗುವುದೇ ಇಲ್ಲ. ತೊಡೆಸಂದಿ ಕೆಂಪಾಗಿದೆ. ಪೌಡರ್ ಹಾಕಬಹುದೇ?
(ಓದುಗರು, ತೀರ್ಥಹಳ್ಳಿ)

ಉತ್ತರ: ಪೌಡರ್ ಬೇಡ. ಒದ್ದೆಗೆ ಮುದ್ದೆಯಾಗಿ ಚರ್ಮ ಉಜ್ಜುತ್ತದೆ, ಹಾರಿದ್ದು ಮಗುವಿನ ಉಸಿರಿಗೆ ಹೋಗುತ್ತದೆ. ಪಂಚೆ ಬಟ್ಟೆಯಷ್ಟು ಒಳ್ಳೆಯ ಲಂಗೋಟಿ ಇಲ್ಲ, ಒಗೆಯುವುದರಲ್ಲಿ ಸ್ವಲ್ಪ ಬದಲಾವಣೆ ಮಾಡಿಕೊಳ್ಳಿ. ಮೊದಲು ತಣ್ಣೀರಿನಲ್ಲಿ ಮಲ ತೆಗೆದು, ಬಿಸಿನೀರು ಸೋಪಿನಲ್ಲಿ ಒಗೆದು, ಜಾಲಾಡಿಸಿದ ನೀರು ಕೈಗೆ ಜಾರದಷ್ಟು ತಿಳಿಯಾಗುವವರೆಗೆ ಮೂರು ಸಲ ಜಾಲಾಡಿಸಿ. ಉಳಿದ ಸೋಪೇ ಎಷ್ಟೋ ಮಕ್ಕಳ ಕೆಂಪಿಗೆ ಕಾರಣ. ಘಮಘಮಿಸುವ ದ್ರಾವಣದಲ್ಲಿ ಅದ್ದಬೇಡಿ. ಬಚ್ಚಲ ಹಂಡೆ ಒಲೆಯ ಕಾವಿನಲ್ಲಿ ಮುಕ್ಕಾಲು ಒಣಗಿಸಿ, ಆಮೇಲೆ ಎರಡೂ ಮಗ್ಗುಲು ಬಿಸಿ ಇಸ್ತ್ರಿ ಹಾಕಿ. ಪಸೆಯೂ ಹೋಗುತ್ತದೆ, ಬಿಸಿಲು ಮಾಡಬೇಕಿದ್ದ ಕೆಲಸವೂ ಆಗುತ್ತದೆ.

ಕೆಂಪಾದ ಜಾಗವನ್ನು ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಹದಿನೈದು ನಿಮಿಷ ಗಾಳಿಗೆ ಬಿಡಿ. ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ. ಮೂರು ದಿನಕ್ಕೂ ಇಳಿಯದೆ, ಮಡಿಕೆಗಳ ಒಳಗೇ ಕಡುಕೆಂಪಾಗಿ ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಶಿಲೀಂಧ್ರ, ಎಣ್ಣೆಗೆ ಬಗ್ಗದು. ಡಾಕ್ಟರಿಗೆ ತೋರಿಸಿ. ಅಂಗಡಿಯವರು ಕೊಡುವ ಮೂರು ನಾಲ್ಕು ಔಷಧಿ ಕೂಡಿಸಿದ ಟ್ಯೂಬಿನಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ತಣ್ಣಗಾಗಿ ಮತ್ತೆ ಜೋರಾಗಿ ಬರುವುದು ಅದರಿಂದಲೇ.

ಪ್ರಶ್ನೆ: ಎರಡೂವರೆ ವರ್ಷದವಳು ನಾಲ್ಕು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುವುದು, ಅಳುತ್ತಾಳೆ. ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುತ್ತಾರೆ. ಊಟ ಕಡಿಮೆ, ಹಾಲು ದಿನಕ್ಕೆ ನಾಲ್ಕು ಲೋಟ.
(ಓದುಗರು, ಬೆಂಗಳೂರು)

ಉತ್ತರ: ಕಾರಣವನ್ನು ನೀವೇ ಕೊನೆಯಲ್ಲಿ ಬರೆದಿದ್ದೀರಿ. ಹಾಲು ದಿನಕ್ಕೆ 400ರಿಂದ 500 ಮಿ.ಲೀ. ದಾಟಬಾರದು. ಹಾಲಿನಲ್ಲಿ ನಾರಿಲ್ಲ, ಕಬ್ಬಿಣಾಂಶವೂ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸಿ ಊಟ ತಪ್ಪಿಸುತ್ತದೆ. ಒಂದೇ ದಿನ ನಿಲ್ಲಿಸದೆ ವಾರಕ್ಕೊಂದು ಲೋಟ ಇಳಿಸಿ, ಆ ಹೊತ್ತಿಗೆ ಪಪ್ಪಾಯಿ ಅಥವಾ ಬೀಜ ತೆಗೆದ ಸೀಬೆಹಣ್ಣು ಕೊಡಿ. ರಾತ್ರಿ ಹತ್ತು ಕಪ್ಪು ಒಣದ್ರಾಕ್ಷಿಯನ್ನು ಅರ್ಧ ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ನೀರಿನ ಸಮೇತ ಕೊಡಿ. ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕೀತು. ತಿಂಡಿ ತಿಂದ ಹತ್ತು ನಿಮಿಷಕ್ಕೆ ಪಾಟಿಯ ಮೇಲೆ ಕೂರಿಸಿ, ಪಾದ ನೆಲಕ್ಕೋ ಸಣ್ಣ ಮಣೆಗೋ ತಾಗಿರಲಿ. ಹೊಟ್ಟೆಗೆ ಊಟ ಬಿದ್ದಾಗ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತನ್ನು ಬಳಸಿಕೊಳ್ಳಬೇಕು.

ತೊಟ್ಟು, ಸೋಪಿನ ಕಡ್ಡಿ ಎರಡೂ ಬಿಡಿ. ಒಳಗೆ ಗೀರಿ ನೋವಾಗುತ್ತದೆ, ನೋವಿಗೆ ಹೆದರಿ ಅವಳು ತಡೆದುಕೊಳ್ಳುತ್ತಾಳೆ, ತಡೆದಷ್ಟೂ ಮಲ ಗಟ್ಟಿ. ತಿಂಗಳಾದರೂ ಸರಿಹೋಗದಿದ್ದರೆ ಮಲ ಮೆತ್ತಗಾಗುವ ಔಷಧಿಯನ್ನು ಡಾಕ್ಟರು ಕೆಲವು ತಿಂಗಳು ಕೊಡುತ್ತಾರೆ. ಎರಡು ದಿನ ಸರಿಯಾಯಿತೆಂದು ನಡುವೆ ನಿಲ್ಲಿಸಬೇಡಿ.

ಪ್ರಶ್ನೆ: ಮನೆಯಲ್ಲೇ ಹರಳೆಣ್ಣೆ ದೀಪದಿಂದ ಮಾಡಿದ ಕಾಡಿಗೆ. ಮಗುವಿನ ಕಣ್ಣಿಗೆ ಹಚ್ಚಬಹುದಲ್ಲವೇ?
(ಅಜ್ಜಿ, ಹಾವೇರಿ)

ಉತ್ತರ: ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದೆಂಬ ಭಯ ನಿಮ್ಮದರಲ್ಲಿ ಇಲ್ಲ, ನಿಜ. ಆದರೂ ಮಸಿಯ ಕಣ ಕಣ್ಣೀರಿನ ನಾಳ ಕಟ್ಟುತ್ತದೆ, ಬೆರಳಿನ ಕೊಳೆ ಕಣ್ಣಿಗೆ ಸೇರುತ್ತದೆ. ದೃಷ್ಟಿ ಬೊಟ್ಟನ್ನು ಅಂಗಾಲಿಗೋ ಕಿವಿಯ ಹಿಂದೆಯೋ ಇಡಿ, ಅಜ್ಜಿ. ಕೆನ್ನೆಗಿಟ್ಟರೆ ಅದೇ ಕೈಯಲ್ಲಿ ಒರೆಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತದೆ.

ಪ್ರಶ್ನೆ: ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದು?
(ಓದುಗರು, ಮಂಡ್ಯ)

ಉತ್ತರ: ಕೂದಲು ಟವೆಲಿನಲ್ಲಿ ಒತ್ತಿ ಒರೆಸಿದರೆ ಒಣಗುತ್ತದೆ, ಹೊಗೆ ಬೇಕಿಲ್ಲ. ಕೋಣೆಗೆ ಹಾಕಲೇಬೇಕೆಂದಿದ್ದರೆ ಮಗು ಬೇರೆ ಕಡೆ ಇರುವಾಗ ಹಾಕಿ, ಕಿಟಕಿ ತೆರೆದು, ವಾಸನೆ ಪೂರ್ತಿ ಹೋದ ಮೇಲೆ ಕರೆತನ್ನಿ. ಮನೆಯಲ್ಲಿ ಉಬ್ಬಸದವರಿದ್ದರೆ ಅದೂ ಬೇಡ.

ಪ್ರಶ್ನೆ: ಮೂರು ವರ್ಷದವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ. ಜಂತುಹುಳು ಇರಬೇಕೆಂದು ಬೇವಿನ ರಸ ಕುಡಿಸಲೇ?
(ಓದುಗರು, ವಿಜಯಪುರ)

ಉತ್ತರ: ಹಲ್ಲು ಕಡಿಯುವುದಕ್ಕೂ ಹುಳಕ್ಕೂ ಸಂಬಂಧವಿಲ್ಲ, ಈ ವಯಸ್ಸಿನಲ್ಲಿ ಅನೇಕ ಮಕ್ಕಳು ಕಡಿಯುತ್ತವೆ, ಬೆಳೆದಂತೆ ಬಿಡುತ್ತವೆ. ಬೇವಿನ ರಸ ಬೇಡ. ಬೇವಿನೆಣ್ಣೆಯಂತೂ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಹುಳಕ್ಕೆ ಅಂಗನವಾಡಿಯಲ್ಲಿ ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ: ಒಂದರಿಂದ ಎರಡು ವರ್ಷದವರಿಗೆ 200 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ, ಅದಕ್ಕೆ ಮೇಲ್ಪಟ್ಟವರಿಗೆ 400 ಮಿಲಿಗ್ರಾಂನ ಒಂದು. ಮೂರು ವರ್ಷದವನಿಗೆ ಎರಡು ಚಮಚಗಳ ನಡುವೆ ಅರೆದು ನೀರಿನಲ್ಲಿ ಕೊಡಿ, ಇಡಿಯಾಗಿ ನುಂಗಿಸಬೇಡಿ. ಆ ದಿನ ಜ್ವರ ಇದ್ದರೆ ವಾಸಿಯಾದ ಮೇಲೆ ಕೊಡಿಸಿ. ಉಗುರು ಕತ್ತರಿಸಿಡಿ, ಅಂಗಳಕ್ಕೆ ಇಳಿಯುವಾಗ ಚಪ್ಪಲಿ ಹಾಕಿಸಿ.